ಶೋಧನೆಯ ಕಾಲದಲ್ಲಿ ಸ್ಥಿರವಾಗಿ ನಿಲ್ಲುವದು

ಶಾಲೆಯನ್ನು ಬಿಟ್ಟುಹೋದ ಹುಡುಗಿಯರು ಕೆಲವು ವರ್ಷಗಳ ತರುವಾಯ ನಮ್ಮನ್ನು ನೋಡಲು ಬರುವದುಂಟು. ಹಾಗೆ ಬಂದವರು ರೇಖಾಗಣಿತವನ್ನಾಗಲಿ ವ್ಯಾಕರಣವನ್ನಾಗಲಿ ಕುರಿತು ಪ್ರಶ್ನೆ ಕೇಳುವದಿಲ್ಲ. ಒಬ್ಬಳು ಚಿಕ್ಕ ಪ್ರಾಯದಲ್ಲಿಯೇ ಗಂಡನನ್ನು ಕಳಕೊಂಡಿರುವಳು. ಮತ್ತೊಬ್ಬಳ ಕೂಸು ಬಹುಕಾಲದಿಂದ ಹಾಸಿಗೆ ಹಿಡಿದಿರುವದು. ಇನ್ನೊಬ್ಬಳು ಕೆಲಸಮಾಡುವ ಕಚೇರಿಯಲ್ಲಿ ಸುಳ್ಳು ಲೆಕ್ಕಕ್ಕೆ ಸಹಿ ಹಾಕೆಂದು ಮೇಲಿನವರು ದಿನವೂ ಪೀಡಿಸುತ್ತಿರುವರು. ಅವರೆಲ್ಲರ ಪ್ರಶ್ನೆಯು ಒಂದೇ: ದೇವರನ್ನು ನಂಬಿದ ನಮಗೆ ಇದು ಯಾಕೆ ಬಂತು, ಬಂದುದನ್ನು ಹೇಗೆ ತಾಳಿಕೊಳ್ಳುವದು? ಈ ಪ್ರಶ್ನೆಗೆ ಸತ್ಯವೇದವು ಕೊಡುವ ಉತ್ತರವನ್ನು ನಮ್ಮ ಶಕ್ತಿಯಿದ್ದಷ್ಟು ವಿವರಿಸುವದೇ ಈ ಲೇಖನದ ಉದ್ದೇಶವು. ನಮ್ಮ ಓದುಗರಲ್ಲಿ ಬೇರೆ ಮತಗಳವರೂ ಅನೇಕರಿದ್ದಾರೆ. ಕಷ್ಟವು ಮತವನ್ನು ಕೇಳಿ ಬರುವದಿಲ್ಲವಾದ್ದರಿಂದ ಅವರೂ ಇದನ್ನು ಸ್ನೇಹಭಾವದಿಂದ ಓದುವರೆಂದು ನಂಬಿದ್ದೇವೆ.

೧. ಶೋಧನೆ ಎಂಬ ಮಾತಿನ ಅರ್ಥವೇನು?

ಹೊಸ ಒಡಂಬಡಿಕೆಯು ಮೊದಲು ಬರೆಯಲ್ಪಟ್ಟ ಗ್ರೀಕ್ ಭಾಷೆಯಲ್ಲಿ ಪೈರಾಸ್ಮೊಸ್ ಎಂಬ ಒಂದು ಶಬ್ದವಿದೆ. ಹೊರಗಿನಿಂದ ಬಂದು ನಮ್ಮನ್ನು ಪರೀಕ್ಷಿಸುವ ಕಷ್ಟಕ್ಕೂ, ಒಳಗಿನಿಂದ ನಮ್ಮನ್ನು ಕೆಟ್ಟದ್ದಕ್ಕೆ ಎಳೆಯುವ ಆಸೆಗೂ ಗ್ರೀಕರು ಈ ಒಂದೇ ಶಬ್ದವನ್ನು ಬಳಸುತ್ತಿದ್ದರು. ನಮ್ಮ ಕನ್ನಡ ಸತ್ಯವೇದದಲ್ಲಿ ಇದಕ್ಕೆ ಶೋಧನೆ ಎಂಬ ಮಾತು ಬಂದಿದೆ. ಇದು ಬಹಳ ಸೊಗಸಾದ ಮಾತು. ಅಡಿಗೆಮನೆಯಲ್ಲಿ ನಾವು ಕಷಾಯವನ್ನು ಬಟ್ಟೆಯಲ್ಲಿ ಶೋಧಿಸುತ್ತೇವೆ. ಗಸಿಯು ಮೇಲೆ ನಿಲ್ಲುವದು, ರಸವು ಕೆಳಗಿಳಿಯುವದು. ಕಳೆದುಹೋದ ಒಡವೆಯನ್ನು ಹುಡುಕುವದಕ್ಕೂ ಶೋಧಿಸುವದೆಂದೇ ಹೇಳುತ್ತೇವೆ. ಹಾಗಾದರೆ ಶೋಧನೆಯೆಂದರೆ ನಮ್ಮೊಳಗೆ ಇರುವದೇನೆಂದು ಹುಡುಕುವ, ಗಟ್ಟಿಯಾದದ್ದನ್ನು ಜೊಳ್ಳಿನಿಂದ ಬೇರೆಮಾಡುವ ಒಂದು ಕಾರ್ಯವು. ಯೇಸುಸ್ವಾಮಿಯು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ ಪೇತ್ರನಿಗೆ ಮುಂದಾಗಿ ತಿಳಿಸಿದ ಎಚ್ಚರಿಕೆಯಲ್ಲಿಯೂ ಗೋದಿಯನ್ನು ಜರಡಿ ಹಿಡಿಯುವ ಹೋಲಿಕೆಯೇ ಕಂಡುಬರುತ್ತದೆ.

ಕಷ್ಟ ಮತ್ತು ದುಷ್ಪ್ರೇರಣೆ ಎಂಬಿವೆರಡಕ್ಕೂ ಒಂದೇ ಹೆಸರಿರುವದು ಅಕಸ್ಮಾತ್ತಾಗಿ ಅಲ್ಲ. ಅವು ಒಂದೇ ನಾಣ್ಯದ ಎರಡು ಮುಖಗಳಂತಿವೆ. ಬಡತನವು ಬಂದರೆ ಅದು ಕಷ್ಟವು. ಆ ಬಡತನದಲ್ಲಿ ಸುಳ್ಳು ಹೇಳಿಯಾದರೂ ಹಣ ಮಾಡೋಣವೆಂಬ ಯೋಚನೆ ಹುಟ್ಟಿದರೆ ಅದು ಪ್ರೇರಣೆಯು. ಆಪ್ತರ ಮರಣವು ಕಷ್ಟವು. ಆ ದುಃಖದಲ್ಲಿ ಇನ್ನು ದೇವರೂ ಬೇಡ, ನೆರೆಯವರೂ ಬೇಡ ಎಂದು ಮನಸ್ಸನ್ನು ಕಲ್ಲುಮಾಡಿಕೊಳ್ಳುವದು ಪ್ರೇರಣೆಯು. ಸುಖದಲ್ಲಿಯೂ ಶೋಧನೆಯುಂಟು. ಪರೀಕ್ಷೆಯಲ್ಲಿ ಮೊದಲನೆಯವಳಾದ ಹುಡುಗಿಗೆ ಸೋತವಳನ್ನು ಹೀನವಾಗಿ ಕಾಣುವ ಶೋಧನೆಯು ಬರುವದು. ಕೈತುಂಬ ಸಂಬಳ ಬಂದವಳಿಗೆ ಹಳೆಯ ಮನೆಯ ತಾಯಿಯನ್ನು ಮರೆಯುವ ಶೋಧನೆಯು ಬರುವದು. ಆದಕಾರಣ ನಮಗೆ ಕಷ್ಟವೇ ಇಲ್ಲ, ಈ ಮಾತು ನಮಗಲ್ಲ ಎಂದು ಯಾರೂ ಹೇಳುವಂತಿಲ್ಲ.

೨. ಅದು ಎಲ್ಲಿಂದ ಬರುವದು?

ಯಾಕೋಬನು ತನ್ನ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ಈ ವಿಷಯವನ್ನು ಬಹು ಸ್ಪಷ್ಟವಾಗಿ ಬಿಡಿಸಿದ್ದಾನೆ. ದೇವರು ಯಾರನ್ನೂ ಕೆಟ್ಟದ್ದಕ್ಕೆ ಪ್ರೇರಿಸುವವನಲ್ಲ; ಮನುಷ್ಯನು ತನ್ನ ಸ್ವಂತ ಆಶೆಯಿಂದಲೇ ಸೆಳೆಯಲ್ಪಟ್ಟು ಮರುಳಾಗುವನೆಂದು ಆತನು ಬೋಧಿಸುತ್ತಾನೆ. ಅಲ್ಲಿ ಆತನು ಹೆರಿಗೆಯ ಹೋಲಿಕೆಯನ್ನು ತರುತ್ತಾನೆ. ಆಶೆಯು ಗರ್ಭವಾಗಿ ಪಾಪವನ್ನು ಹೆರುವದು, ಪಾಪವು ಬೆಳೆದು ಮರಣವನ್ನು ಹೆರುವದು ಎಂಬುದು ಆತನ ಮಾತಿನ ಭಾವವು. ಇದರಿಂದ ನಾವು ಕಲಿಯತಕ್ಕದ್ದೇನಂದರೆ, ಪಾಪಕ್ಕೆ ಒಂದು ಬೆಳವಣಿಗೆಯುಂಟು, ಅದು ಒಂದೇ ಕ್ಷಣದಲ್ಲಿ ಬಂದೆರಗುವದಲ್ಲ. ಮನಸ್ಸಿಗೆ ಒಂದು ಕೆಟ್ಟ ಯೋಚನೆಯು ಬರುವದು ಪಾಪವಲ್ಲ. ಅದಕ್ಕೆ ಮಣೆ ಹಾಕಿ ಕೂರಿಸಿ ಉಪಚರಿಸುವದರಿಂದ ಪಾಪವು ಹುಟ್ಟುತ್ತದೆ. ಯೋಚನೆ ಬಂತೆಂಬ ಮಾತ್ರಕ್ಕೆ ತಾವು ದುಷ್ಟರೆಂದು ಕೊರಗುವ ಎಳೆಯ ಮನಸ್ಸುಗಳಿಗೆ ಇದು ದೊಡ್ಡ ಸಮಾಧಾನವು.

ಆದರೆ ದೇವರು ತನ್ನ ಜನರನ್ನು ಪರೀಕ್ಷಿಸುತ್ತಾನೆಂದು ಸತ್ಯವೇದವು ಹೇಳುವದಿಲ್ಲವೇ ಎಂದು ಕೆಲವರು ಕೇಳಬಹುದು. ಹೌದು, ಹೇಳುತ್ತದೆ. ಇವೆರಡಕ್ಕೂ ಇರುವ ಭೇದವನ್ನು ಶಾಲೆಯ ದೃಷ್ಟಾಂತದಿಂದ ತಿಳಿಯಬಹುದು. ಉಪಾಧ್ಯಾಯಿನಿಯು ಪ್ರಶ್ನೆಪತ್ರಿಕೆಯನ್ನು ಕೊಡುವದು ಹುಡುಗಿಯು ತೇರ್ಗಡೆಯಾಗಲಿ ಎಂದೇ. ಪಕ್ಕದ ಬೆಂಚಿನಿಂದ ಬರೆದ ಚೀಟಿಯನ್ನು ಜಾರಿಸುವವಳ ಕೆಲಸವಾದರೋ ಅವಳನ್ನು ಬೀಳಿಸುವದೇ. ಪರೀಕ್ಷೆಯ ಕೊಠಡಿಯು ಒಂದೇ, ಗಳಿಗೆಯೂ ಒಂದೇ; ಆದರೆ ಉದ್ದೇಶಗಳು ಬೇರೆ ಬೇರೆ. ದೇವರು ನಮ್ಮ ನಂಬಿಕೆಯನ್ನು ಬಲಪಡಿಸುವದಕ್ಕೆ ಬಿಟ್ಟ ಸಂದರ್ಭವನ್ನೇ ಶೋಧಕನು ನಮ್ಮನ್ನು ಕೆಡವುವದಕ್ಕೆ ಉಪಯೋಗಿಸಲು ನೋಡುತ್ತಾನೆ.

ಇನ್ನೊಂದು ತಪ್ಪು ಎಣಿಕೆಯನ್ನು ಇಲ್ಲಿ ಕಿತ್ತುಹಾಕಬೇಕು. ಕಷ್ಟ ಬಂದವರನ್ನು ನೋಡಿ, ಏನೋ ಪಾಪ ಮಾಡಿದ್ದಿರಬೇಕು ಎಂದು ಆಡಿಕೊಳ್ಳುವ ವಾಡಿಕೆಯು ನಮ್ಮಲ್ಲಿ ಇದೆ. ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು ಯೇಸುವನ್ನು ಇದೇ ರೀತಿ ಕೇಳಿದಾಗ, ಅವನಾಗಲಿ ಅವನ ತಂದೆತಾಯಿಗಳಾಗಲಿ ಮಾಡಿದ ಪಾಪವು ಇದಕ್ಕೆ ಕಾರಣವಲ್ಲವೆಂದು ಆತನು ತಿಳಿಸಿದ ಸಂಗತಿಯು ಯೋಹಾನನ ಸುವಾರ್ತೆಯ ಒಂಭತ್ತನೆಯ ಅಧ್ಯಾಯದಲ್ಲಿದೆ. ಸಿಲೋವದ ಗೋಪುರವು ಬಿದ್ದು ಸತ್ತ ೧೮ ಮಂದಿಯೂ ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿರಲಿಲ್ಲವೆಂದು ಆತನು ಮತ್ತೊಂದು ಸಲ ಬೋಧಿಸಿದನು. ದುಃಖಿಸುವವರ ಮನೆಗೆ ಹೋಗುವ ನಾವು ಕಾರಣವನ್ನು ಹೇಳಲು ಆತುರಪಡಬಾರದು; ಯೋಬನ ಸ್ನೇಹಿತರು ಮೊದಲನೆಯ ಏಳು ದಿನ ಮೌನವಾಗಿ ಅವನ ಬಳಿಯಲ್ಲಿ ಕೂತಿದ್ದರು, ಆಗಲೇ ಅವರು ಒಳ್ಳೆಯ ಸ್ನೇಹಿತರಾಗಿದ್ದರು. ಬಾಯಿ ತೆರೆದ ಮೇಲೆ ಕೆಟ್ಟರು.

೩. ಯೋಸೇಫನ ಹದಿಮೂರು ವರ್ಷಗಳು

ಹೊರಗಿನ ಕಷ್ಟ, ಒಳಗಿನ ಪ್ರೇರಣೆ ಎರಡನ್ನೂ ಒಟ್ಟಿಗೆ ಅನುಭವಿಸಿದವರಲ್ಲಿ ಯೋಸೇಫನ ಚರಿತ್ರೆಯು ಮುಖ್ಯವಾದದ್ದು. ಆದಿಕಾಂಡದ ಪ್ರಕಾರ ಅವನು ೧೭ ವರ್ಷದವನಾಗಿದ್ದಾಗ ಅಣ್ಣಂದಿರು ಹೊಟ್ಟೆಕಿಚ್ಚಿನಿಂದ ಅವನನ್ನು ಗುಂಡಿಗೆ ಹಾಕಿ, ಬಳಿಕ ೨೦ ಬೆಳ್ಳಿನಾಣ್ಯಗಳಿಗೆ ಮಾರಿಬಿಟ್ಟರು. ಐಗುಪ್ತದಲ್ಲಿ ಪೋಟೀಫರನ ಮನೆಯ ಆಡಳಿತವನ್ನು ನೋಡಿಕೊಳ್ಳುತ್ತಿದ್ದಾಗ ಒಡೆಯನ ಹೆಂಡತಿಯು ದಿನದಿನವೂ ಅವನನ್ನು ಪೀಡಿಸಿದಳು. ದಿನದಿನವೂ ಎಂಬುದನ್ನು ಗಮನಿಸಬೇಕು. ಒಂದು ಸಲ ಜಯಿಸಿದರೆ ಶೋಧನೆಯು ತೀರಿತೆಂದು ತಿಳಿಯಬಾರದು. ಅವನ ತಂದೆಯು ದೂರದಲ್ಲಿದ್ದನು, ಊರಲ್ಲಿ ಅವನನ್ನು ಬಲ್ಲವರು ಯಾರೂ ಇರಲಿಲ್ಲ, ಅನ್ಯಾಯವಾಗಿ ಮಾರಲ್ಪಟ್ಟವನು ಇನ್ನು ಯಾರಿಗಾಗಿ ಒಳ್ಳೆಯವನಾಗಿರಬೇಕೆಂದು ಕೇಳಿಕೊಳ್ಳುವದಕ್ಕೆ ಅವನಿಗೆ ಕಾರಣವೂ ಇತ್ತು. ಆದರೂ ಅವನು ನಂಬಿದ ಒಡೆಯನಿಗೆ ದ್ರೋಹಮಾಡುವದು ದೇವರಿಗೆ ವಿರೋಧವಾದ ಪಾಪವೆಂದು ಹೇಳಿ ನಿರಾಕರಿಸಿದನು. ಕಡೆಗೆ ವಾದಿಸುತ್ತಾ ನಿಲ್ಲದೆ, ಬಟ್ಟೆಯನ್ನು ಅವಳ ಕೈಯಲ್ಲಿಯೇ ಬಿಟ್ಟು ಓಡಿಹೋದನು. ಕೆಲವು ಶೋಧನೆಗಳನ್ನು ಎದುರಿಸುವದಕ್ಕಿಂತ ಅವುಗಳಿಂದ ಓಡುವದೇ ಶೌರ್ಯವು.

ಈ ಸತ್ಯಸಂಧತೆಗೆ ಸಿಕ್ಕಿದ ಬಹುಮಾನವೇನು? ಸೆರೆಮನೆ. ಅಲ್ಲಿ ಅವನು ಉಪಕಾರ ಮಾಡಿದ ಪಾನದಾಯಕನು ಬಿಡುಗಡೆಯಾದ ಮೇಲೆ ಅವನನ್ನು ಮರೆತೇಬಿಟ್ಟನು. ಪೂರ್ಣವಾಗಿ ಎರಡು ವರ್ಷಗಳು ಕಳೆದವು. ಫರೋಹನ ಮುಂದೆ ನಿಂತಾಗ ಯೋಸೇಫನಿಗೆ ೩೦ ವರ್ಷ. ನಡುವಣ ೧೩ ವರ್ಷಗಳನ್ನು ನಾವು ಭಾನುವಾರದ ಶಾಲೆಯಲ್ಲಿ ಒಂದು ಗಳಿಗೆಯಲ್ಲಿ ಓದಿ ಮುಗಿಸುತ್ತೇವೆ. ಆದರೆ ಅವನು ಅವುಗಳನ್ನು ಒಂದೊಂದು ದಿನವಾಗಿ ಬದುಕಬೇಕಾಯಿತು, ಮುಂದಿನ ಅಧ್ಯಾಯವು ಅವನಿಗೆ ತಿಳಿದಿರಲಿಲ್ಲ. ಒಳ್ಳೆಯವರಾಗಿ ನಡೆದರೆ ಕೂಡಲೇ ಒಳ್ಳೆಯದಾಗುವದೆಂದು ಮಕ್ಕಳಿಗೆ ಕಲಿಸುವ ತಂದೆತಾಯಿಗಳು ಈ ೧೩ ವರ್ಷಗಳನ್ನು ಮರೆಯಬಾರದು. ಹಾಗೆ ಕಲಿತ ಮಗುವು ಮೊದಲನೆಯ ಸೆರೆಮನೆಯಲ್ಲಿಯೇ ನಂಬಿಕೆಯನ್ನು ಕಳಕೊಳ್ಳುವದು.

೪. ಅಡವಿಯಲ್ಲಿ ಕರ್ತನು

ಯೇಸುಸ್ವಾಮಿಯು ೪೦ ದಿವಸ ಉಪವಾಸವಿದ್ದು ಹಸಿದಿದ್ದಾಗ ಶೋಧಕನು ಮೂರು ವಿಧವಾಗಿ ಆತನನ್ನು ಶೋಧಿಸಿದ ಚರಿತ್ರೆಯು ಮತ್ತಾಯನ ಮತ್ತು ಲೂಕನ ಸುವಾರ್ತೆಗಳ ನಾಲ್ಕನೆಯ ಅಧ್ಯಾಯಗಳಲ್ಲಿ ಇದೆ. ಕಲ್ಲುಗಳನ್ನು ರೊಟ್ಟಿಯಾಗಿ ಮಾಡಿಕೊಳ್ಳುವದು, ದೇವಾಲಯದ ತುದಿಯಿಂದ ಕೆಳಗೆ ದುಮುಕುವದು, ಲೋಕದ ರಾಜ್ಯಗಳಿಗಾಗಿ ಶೋಧಕನಿಗೆ ಅಡ್ಡಬೀಳುವದು ಇವೇ ಆ ಮೂರು. ಲೂಕನು ಎರಡನೆಯದನ್ನೂ ಮೂರನೆಯದನ್ನೂ ಸ್ಥಳ ಬದಲಿಸಿ ಹೇಳುತ್ತಾನೆ. ಮೊದಲನೆಯದು ದೇಹದ ಅಗತ್ಯದ ಶೋಧನೆಯು, ಎರಡನೆಯದು ದೇವರನ್ನೇ ಪರೀಕ್ಷೆಗೆ ಒಡ್ಡುವ ಅಹಂಭಾವದ್ದು, ಮೂರನೆಯದು ಶಿಲುಬೆಯಿಲ್ಲದೆ ಸುಲಭದಾರಿಯಿಂದ ಅಧಿಕಾರವನ್ನು ಪಡೆಯುವದು.

ಕರ್ತನು ಮೂರು ಸಲವೂ ವೇದವಾಕ್ಯದಿಂದಲೇ ಉತ್ತರಕೊಟ್ಟನು, ಮತ್ತು ಆ ಮೂರು ವಾಕ್ಯಗಳೂ ಧರ್ಮೋಪದೇಶಕಾಂಡದ ೬ ಮತ್ತು ೮ನೆಯ ಅಧ್ಯಾಯಗಳಿಂದ ಬಂದವು. ಅವು ಇಸ್ರಾಯೇಲ್ಯರ ಅಡವಿಯ ೪೦ ವರ್ಷಗಳನ್ನು ಜ್ಞಾಪಕಪಡಿಸುವ ಅಧ್ಯಾಯಗಳು. ಆ ಜನರು ಹಸಿವಿನಲ್ಲಿ ಗುಣುಗುಟ್ಟಿದರು, ಮಸ್ಸದಲ್ಲಿ ದೇವರನ್ನು ಪರೀಕ್ಷಿಸಿದರು, ಬಸವನ ಬೊಂಬೆಗೆ ಅಡ್ಡಬಿದ್ದರು. ಅವರು ಎಲ್ಲೆಲ್ಲಿ ಸೋತರೋ ಅಲ್ಲೆಲ್ಲಾ ಆತನು ನಿಂತನು. ಆತನ ಕೈಯಲ್ಲಿ ಆಗ ಪುಸ್ತಕವಿರಲಿಲ್ಲವೆಂಬದನ್ನೂ ನಾವು ನೆನೆಯಬೇಕು. ಬಾಲ್ಯದಲ್ಲಿ ಮನೆಯಲ್ಲಿಯೂ ಸಭಾಮಂದಿರದಲ್ಲಿಯೂ ಕಲಿತು ಹೃದಯದಲ್ಲಿ ಕೂಡಿಟ್ಟದ್ದು ಹಸಿವಿನ ಹೊತ್ತಿಗೆ ಒದಗಿತು. ಬೆಳಗಿನ ಪ್ರಾರ್ಥನೆಯ ವೇಳೆಯಲ್ಲಿ ವಚನಗಳನ್ನು ಬಾಯಿಪಾಠ ಮಾಡಬೇಕಾದಾಗ ಅನೇಕರು ಬೇಸರಪಡುತ್ತಿದ್ದದ್ದು ಸಹಜವೇ. ಆದರೆ ಬಾವಿಯನ್ನು ತೋಡತಕ್ಕದ್ದು ಮನೆಗೆ ಬೆಂಕಿ ಬೀಳುವ ಮೊದಲಲ್ಲವೇ?

ಇಲ್ಲಿ ಒಂದು ಎಚ್ಚರಿಕೆಯೂ ಉಂಟು. ಶೋಧಕನು ಸಹ ವೇದವಾಕ್ಯವನ್ನು ಹೇಳಿದನು. ದೇವಾಲಯದ ತುದಿಯಲ್ಲಿ ಅವನು ಎತ್ತಿದ್ದು ೯೧ನೆಯ ಕೀರ್ತನೆಯ ಮಾತನ್ನು. ಆದಕಾರಣ ಯಾರಾದರೂ ಸತ್ಯವೇದದ ಒಂದು ವಾಕ್ಯವನ್ನು ಉದುರಿಸಿದ ಮಾತ್ರಕ್ಕೆ ಅವರು ಹೇಳಿದ್ದೆಲ್ಲವೂ ದೇವರ ಚಿತ್ತವಾಗುವದಿಲ್ಲ. ಒಂದು ವಾಕ್ಯವನ್ನು ಮಿಕ್ಕ ವಾಕ್ಯಗಳ ಬೆಳಕಿನಲ್ಲಿ ಓದಬೇಕು. ಕರ್ತನು ಹಾಗೆಯೇ ಮಾಡಿದನು. ಇಬ್ರಿಯರಿಗೆ ಬರೆದ ಪತ್ರಿಕೆಯ ಪ್ರಕಾರ ಆತನು ನಮ್ಮ ಹಾಗೆಯೇ ಎಲ್ಲಾ ವಿಧದಲ್ಲಿಯೂ ಶೋಧನೆಗೆ ಗುರಿಯಾಗಿ ಪಾಪವಿಲ್ಲದವನಾಗಿ ಉಳಿದನು. ಆದ್ದರಿಂದಲೇ ಶೋಧಿಸಲ್ಪಡುವವರ ಅಳಲು ಆತನಿಗೆ ತಿಳಿಯುವದು. ನಮ್ಮ ನಂಬಿಕೆಯ ಆಧಾರವು ಇದೇ. ಹಸಿವೆಯೇನೆಂದು ಬಲ್ಲ ಒಬ್ಬಾತನ ಬಳಿಗೆ ನಾವು ಪ್ರಾರ್ಥನೆಯಲ್ಲಿ ಹೋಗುತ್ತೇವೆ.

೫. ತಪ್ಪಿಸಿಕೊಳ್ಳುವ ಮಾರ್ಗ

ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ೧೦ನೆಯ ಅಧ್ಯಾಯದಲ್ಲಿ ಹೇಳುವದೇನಂದರೆ, ಮನುಷ್ಯರಿಗೆ ಸಾಮಾನ್ಯವಲ್ಲದ ಯಾವ ಶೋಧನೆಯೂ ನಮಗೆ ಬಂದಿಲ್ಲ, ದೇವರು ನಂಬಿಗಸ್ತನು, ಶೋಧನೆಯ ಜೊತೆಗೆ ಹೊರಬರುವ ದಾರಿಯನ್ನೂ ಆತನು ಸಿದ್ಧಮಾಡುವನು ಎಂಬದೇ. ಈ ವಾಕ್ಯವನ್ನು ಅನೇಕರು ಬೇರೆ ಅರ್ಥದಲ್ಲಿ ಹಿಡಿದು, ದೇವರು ನಮ್ಮ ಶಕ್ತಿಗೆ ಮೀರಿದ ಭಾರವನ್ನು ಎಂದಿಗೂ ಹೊರಿಸನೆಂದು ಅಳುವವರಿಗೆ ಹೇಳುವದುಂಟು. ಪೌಲನು ಇಲ್ಲಿ ವಿಗ್ರಹಾರಾಧನೆ, ವ್ಯಭಿಚಾರ, ಗುಣುಗುಟ್ಟುವಿಕೆ ಮುಂತಾದವುಗಳ ಕಡೆಗೆ ಎಳೆಯುವ ಪ್ರೇರಣೆಯನ್ನು ಕುರಿತು ಮಾತಾಡುತ್ತಾನೆ. ಭಾರದ ವಿಷಯವನ್ನಾದರೋ ಆತನೇ ಅದೇ ಸಭೆಗೆ ಬರೆದ ಎರಡನೆಯ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ಒಪ್ಪಿಕೊಂಡಿದ್ದಾನೆ. ಆಸ್ಯಸೀಮೆಯಲ್ಲಿ ತನಗೆ ಬಂದ ಸಂಕಟವು ಶಕ್ತಿಗೆ ಮೀರಿದ್ದಾಗಿ, ಬದುಕುವ ಆಶೆಯೇ ಹೋಗಿತ್ತೆಂದೂ, ಅದರಿಂದ ತನ್ನ ಮೇಲಲ್ಲ, ದೇವರ ಮೇಲೆ ಭರವಸವಿಡುವದನ್ನು ಕಲಿತೆನೆಂದೂ ಆತನು ತಿಳಿಸುತ್ತಾನೆ. ಕುಗ್ಗಿಹೋದ ಸಹೋದರಿಗೆ, ನಿನ್ನಿಂದ ಹೊರಲಾಗುವದು, ಹೊರು ಎಂದು ಹೇಳುವದಕ್ಕಿಂತ, ಅಪೊಸ್ತಲನಿಗೂ ಹೊರಲಾಗದ ದಿನವಿತ್ತು, ನಾವೂ ಹೆಗಲು ಕೊಡುವೆವು ಎಂದು ಹೇಳುವದು ಸತ್ಯಕ್ಕೆ ಸಮೀಪವಾದದ್ದು.

ತಪ್ಪಿಸಿಕೊಳ್ಳುವ ದಾರಿಗಳು ಹೆಚ್ಚಾಗಿ ಸಾಧಾರಣವಾದವುಗಳೇ. ಕೈಯಲ್ಲಿರುವ ದೂರವಾಣಿಯು ರಾತ್ರಿಯಲ್ಲಿ ಮನಸ್ಸನ್ನು ಕೆಡಿಸುತ್ತಿದ್ದರೆ ಅದನ್ನು ಬೇರೆ ಕೋಣೆಯಲ್ಲಿ ಇಡುವದು ಒಂದು ದಾರಿಯು. ಸಾಲದ ಹಣದಿಂದ ಆಡಂಬರದ ಮದುವೆ ಮಾಡಬೇಕೆನ್ನುವ ಬಂಧುಗಳ ಮುಂದೆ ಮೊದಲನೆಯ ದಿನವೇ ಆಗದೆಂದು ಹೇಳುವದು ಒಂದು ದಾರಿಯು. ಒಬ್ಬ ನಂಬಿಕಸ್ತ ಸ್ನೇಹಿತೆಗೆ ಮನಸ್ಸನ್ನು ಬಿಚ್ಚಿ ಹೇಳುವದು ಮತ್ತೊಂದು. ಗೆತ್ಸೇಮನೆ ತೋಟದಲ್ಲಿ ಕರ್ತನು ಸಹ ಮೂವರನ್ನು ಹತ್ತಿರ ಇರಿಸಿಕೊಂಡು, ಎಚ್ಚರವಾಗಿರಬೇಕೆಂದೂ ಪ್ರಾರ್ಥಿಸಬೇಕೆಂದೂ ಕೇಳಿಕೊಂಡನು. ಒಂಟಿಯಾಗಿ ಹೋರಾಡುವದೇ ದೊಡ್ಡ ಭಕ್ತಿಯೆಂದು ನಾವು ಎಣಿಸಬಾರದು.

೬. ಬಿದ್ದವರ ಗತಿಯೇನು?

ಅದೇ ರಾತ್ರಿಯಲ್ಲಿ ಪೇತ್ರನು ಬಿದ್ದನು. ತಾನು ಎಂದಿಗೂ ಬೀಳೆನೆಂದು ಹೇಳಿದವನು ಒಬ್ಬ ದಾಸಿಯ ಪ್ರಶ್ನೆಗೆ ಹೆದರಿ ಮೂರು ಸಲ ತನ್ನ ಗುರುವನ್ನು ಅರಿಯೆನೆಂದನು. ಆದರೆ ಅವನ ಚರಿತ್ರೆಯು ಕೋಳಿ ಕೂಗಿದಲ್ಲಿಗೆ ಮುಗಿಯಲಿಲ್ಲ. ತಿಬೇರಿಯ ಸಮುದ್ರದ ತೀರದಲ್ಲಿ ಎದ್ದುಬಂದ ಕರ್ತನು ಇದ್ದಲಿನ ಬೆಂಕಿಯ ಪಕ್ಕದಲ್ಲಿ ಅವನಿಗೆ ಊಟಕೊಟ್ಟು, ಮೂರು ಸಲ ಪ್ರೀತಿಯ ಪ್ರಶ್ನೆಯನ್ನು ಕೇಳಿ, ಮೂರು ಸಲ ಕುರಿಗಳನ್ನು ಒಪ್ಪಿಸಿದನು. ಅವನು ಗುರುವನ್ನು ಅರಿಯೆನೆಂದದ್ದು ಕೂಡ ಇದ್ದಲಿನ ಬೆಂಕಿಯ ಬಳಿಯಲ್ಲಿಯೇ ಎಂದು ಯೋಹಾನನು ಬರೆದಿದ್ದಾನೆ. ನಂಬಿಕೆಯು ಬೆಂಕಿಯಲ್ಲಿ ಪುಟಕ್ಕಿಟ್ಟ ಚಿನ್ನಕ್ಕಿಂತಲೂ ಅಮೂಲ್ಯವೆಂದು ಚಿಕ್ಕ ಆಸ್ಯದ ಚದರಿದ ಸಭೆಗಳಿಗೆ ಪತ್ರ ಬರೆದವನು ಈ ಪೇತ್ರನೇ. ಅಕ್ಕಸಾಲಿಗನು ಚಿನ್ನವನ್ನು ಪುಟವಿಡುವದು ಅದನ್ನು ಸುಟ್ಟುಹಾಕುವದಕ್ಕಲ್ಲ.

ಹೀಗಿರುವದರಿಂದ, ತಪ್ಪುಮಾಡಿ ಬಂದ ಮಗಳಿಗೆ ಮನೆಯ ಬಾಗಿಲನ್ನು ಮುಚ್ಚಬೇಡಿರೆಂದು ನಾವು ತಂದೆತಾಯಿಗಳನ್ನು ಬೇಡಿಕೊಳ್ಳುತ್ತೇವೆ. ಬಿದ್ದವಳಿಗೆ ಏಳುವ ದಾರಿಯನ್ನು ತೋರಿಸದೆ ಹೋದರೆ, ಎರಡನೆಯ ಬೀಳುವಿಕೆಗೆ ನಾವೇ ಕಾರಣರಾಗುವೆವು.

೭. ಪಂಡಿತಾ ರಮಾಬಾಯಿಯ ಜೀವಿತ

ಈ ಉಪದೇಶವು ಪೂರ್ವಕಾಲದ ಭಕ್ತರಿಗೆ ಮಾತ್ರ ಸಲ್ಲುವದೆಂದು ಯಾರೂ ಹೇಳದಂತೆ, ನಮ್ಮ ನಾಡಿನಲ್ಲಿ ಹುಟ್ಟಿದ ಒಬ್ಬ ಸ್ತ್ರೀಯ ಚರಿತ್ರೆಯನ್ನು ಇಲ್ಲಿ ನೆನೆಯುತ್ತೇವೆ. ಪಂಡಿತಾ ರಮಾಬಾಯಿಯವರು ೧೮೫೮ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದವರು. ಹೆಂಗಸರಿಗೆ ಸಂಸ್ಕೃತವನ್ನು ಕಲಿಸಬಾರದೆಂಬ ಜನರ ವಿರೋಧವನ್ನು ಲೆಕ್ಕಿಸದೆ ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು, ಆ ತಾಯಿಯು ಮಗಳಿಗೆ ಕಲಿಸಿದಳು. ಕುಟುಂಬವು ಪುಣ್ಯಕ್ಷೇತ್ರಗಳಲ್ಲಿ ಪುರಾಣ ಹೇಳುತ್ತಾ ಅಲೆಯುತ್ತಿದ್ದಾಗ ೧೮೭೦ರ ದಶಕದ ಬರವು ಬಂತು. ಕೈಯಲ್ಲಿದ್ದದ್ದೆಲ್ಲವೂ ತೀರಿ, ಕಾಡಿನಲ್ಲಿ ಎಲೆಗಳನ್ನೂ ನೀರನ್ನೂ ಸೇವಿಸಿ ದಿನ ಕಳೆದದ್ದನ್ನು ಅವರು ತಾವೇ ಬರೆದಿಟ್ಟಿದ್ದಾರೆ. ತಂದೆ, ತಾಯಿ, ಅಕ್ಕ ಒಬ್ಬರಾದ ಮೇಲೊಬ್ಬರು ತೀರಿಹೋದರು. ಅಣ್ಣನೊಂದಿಗೆ ಕಾಲ್ನಡೆಯಲ್ಲಿ ದೇಶವನ್ನು ಸುತ್ತಿ ೧೮೭೮ರಲ್ಲಿ ಕಲ್ಕತ್ತೆಯನ್ನು ಮುಟ್ಟಿದಾಗ ಅಲ್ಲಿಯ ವಿದ್ವಾಂಸರು ಅವರ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. ೧೮೮೦ರಲ್ಲಿ ಅಣ್ಣನು ಸತ್ತನು. ಅದೇ ವರ್ಷ ಮದುವೆಯಾದ ಬಿಪಿನ್ ಬಿಹಾರಿ ಮೇಧಾವಿಯವರು ೧೮೮೨ರಲ್ಲಿ ವಾಂತಿಭೇದಿಯಿಂದ ತೀರಿಕೊಂಡರು. ಇಪ್ಪತ್ತಮೂರು ವರ್ಷದ ವಿಧವೆಯ ಕೈಯಲ್ಲಿ ಇನ್ನೂ ವರ್ಷ ತುಂಬದ ಮನೋರಮೆಯು ಉಳಿದಳು.

೧೮೮೩ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿಯವರು ಆ ವರ್ಷವೇ ವಾಂಟೇಜ್ ಎಂಬಲ್ಲಿ ಮಗಳೊಂದಿಗೆ ದೀಕ್ಷಾಸ್ನಾನ ಹೊಂದಿದರು. ವೈದ್ಯಶಾಸ್ತ್ರವನ್ನು ಕಲಿಯುವ ಅವರ ಅಪೇಕ್ಷೆಯು ಕಿವಿಯ ಮಂದತೆಯಿಂದ ಮುರಿಯಿತು. ಯಾರೋ ಹೇಳಿದರೆಂದು ಅವರು ಯಾವದನ್ನೂ ಒಪ್ಪುವವರಾಗಿರಲಿಲ್ಲ. ತಮ್ಮನ್ನು ಪ್ರೀತಿಯಿಂದ ಪೋಷಿಸಿದ ಸಹೋದರಿಯರೊಂದಿಗೂ ಮತವಿಷಯಗಳಲ್ಲಿ ಪತ್ರಮುಖವಾಗಿ ಖಂಡಿತವಾಗಿ ವಾದಿಸಿದರು. ಮನಸ್ಸಿಗೆ ಪೂರ್ಣ ಶಾಂತಿಯು ದೊರೆತದ್ದು ದೀಕ್ಷಾಸ್ನಾನವಾಗಿ ಕೆಲವು ವರ್ಷಗಳು ಕಳೆದ ಮೇಲೆಯೇ ಎಂದು ಅವರು ತಮ್ಮ ಸಾಕ್ಷಿಯಲ್ಲಿ ತಿಳಿಸಿದ್ದಾರೆ. ಸಂದೇಹಪಡುವ ಯುವತಿಯರಿಗೆ ಇದು ಧೈರ್ಯಕೊಡಲಿ. ಪ್ರಶ್ನೆ ಕೇಳುವದು ಅವಿಶ್ವಾಸವಲ್ಲ.

೧೮೮೯ರಲ್ಲಿ ಮುಂಬಯಿಯಲ್ಲಿ ಅವರು ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. ಹುಡುಗಿಯರು ಅವರ ಪ್ರಾರ್ಥನೆಯಲ್ಲಿ ಬಂದು ಕೂತುಕೊಳ್ಳುತ್ತಾರೆಂಬ ಕಾರಣದಿಂದ ೧೮೯೩ರಲ್ಲಿ ದೊಡ್ಡ ಕೋಲಾಹಲವೆದ್ದಿತು. ಮತಾಂತರವಾದೀತೆಂಬ ಭಯದಿಂದ ಅನೇಕ ಪೋಷಕರು ಹುಡುಗಿಯರನ್ನು ಕರೆದುಕೊಂಡು ಹೋದರು, ಬೆಂಬಲವಾಗಿದ್ದ ದೊಡ್ಡವರು ದೂರವಾದರು. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿದ್ದರೆ ಗಲಾಟೆಯು ಅಡಗುತ್ತಿತ್ತು. ಮನಸ್ಸಾಕ್ಷಿಯನ್ನು ಮಾರಿ ಶಾಂತಿಯನ್ನು ಕೊಳ್ಳುವ ಶೋಧನೆಯು ಅದು. ಅವರು ಯಾರನ್ನೂ ಬಲವಂತಪಡಿಸಲೂ ಇಲ್ಲ, ತಮ್ಮ ನಂಬಿಕೆಯನ್ನು ಬಚ್ಚಿಡಲೂ ಇಲ್ಲ. ಮತ್ತೆ ೧೮೯೬ರಲ್ಲಿ ಮಧ್ಯಪ್ರಾಂತಗಳಲ್ಲಿ ಬರವು ಬಂದಾಗ, ಒಂದು ಕಾಲಕ್ಕೆ ತಾವೇ ಎಲೆ ತಿಂದು ಬದುಕಿದ ಈ ಸ್ತ್ರೀಯು ಅಲ್ಲಿಗೆ ಹೋಗಿ ಹಸಿದ ಹುಡುಗಿಯರನ್ನು ಕರೆತಂದು ಕೇಡ್‌ಗಾಂವಿನ ಮುಕ್ತಿಯಲ್ಲಿ ಸಾಕಿದರು. ಹಳೆಯ ಬರವು ಅವರಲ್ಲಿ ಕಹಿಯಾಗಿ ಉಳಿಯದೆ ಕನಿಕರವಾಗಿ ಮಾರ್ಪಟ್ಟಿತ್ತು. ಶೋಧನೆಯಲ್ಲಿ ನಿಂತವರ ಗುರುತು ಇದೇ ಎಂದು ನಾವು ತಿಳಿಯುತ್ತೇವೆ. ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ಭಾಷಾಂತರಿಸುವ ಕೆಲಸದಲ್ಲಿ ಕಡೆಯ ವರ್ಷಗಳನ್ನು ಕಳೆದರು. ೧೯೨೧ರಲ್ಲಿ ಒಬ್ಬಳೇ ಮಗಳು ಮನೋರಮೆಯು ತೀರಿಕೊಂಡಳು. ಆಗಲೂ ಆ ಕೆಲಸವನ್ನು ಬಿಡದೆ, ೧೯೨೨ರ ಏಪ್ರಿಲಿನಲ್ಲಿ ತಾವೂ ಕಣ್ಣು ಮುಚ್ಚಿದರು.

೮. ತಾಳತಕ್ಕದ್ದು ಯಾವದು, ತಾಳಬಾರದ್ದು ಯಾವದು?

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಾವೆಲ್ಲರೂ ಕೇಳಿ ಬೆಳೆದವರು. ಆದರೆ ಈ ಗಾದೆಯನ್ನು ಹೆಣ್ಣುಮಕ್ಕಳಿಗೇ ಹೆಚ್ಚಾಗಿ ಹೇಳುವದೇಕೆ? ಗಂಡನು ಹೊಡೆದರೂ ತಾಳು, ಅತ್ತೆಮಾವಂದಿರು ವರದಕ್ಷಿಣೆಗಾಗಿ ಕಾಡಿದರೂ ತಾಳು, ಇದು ನಿನ್ನ ಶಿಲುಬೆ ಎಂದು ಹೇಳುವವರು ಸಭೆಗಳಲ್ಲಿಯೂ ಇದ್ದಾರೆ. ಇದು ಸತ್ಯವೇದದ ಬೋಧನೆಯಲ್ಲವೆಂದು ನಾವು ಖಂಡಿತವಾಗಿ ಹೇಳುತ್ತೇವೆ.

ಯಾಕೋಬನು ತಾಳ್ಮೆಗೆ ಬಳಸಿದ ಗ್ರೀಕ್ ಮಾತಿನ ಮೂಲಾರ್ಥವು ಭಾರದ ಕೆಳಗೆ ಸ್ಥಿರವಾಗಿ ನಿಲ್ಲುವದು ಎಂದು. ಅದು ನಂಬಿಕೆಯನ್ನು ಬಿಡದೆ ನಿಲ್ಲುವ ಶಕ್ತಿಯೇ ಹೊರತು ಅನ್ಯಾಯಕ್ಕೆ ಬಾಯಿ ಮುಚ್ಚಿ ಒಪ್ಪುವದಲ್ಲ. ತಾಳ್ಮೆಗೆ ಯಾಕೋಬನು ಉದಾಹರಣೆಯಾಗಿ ತೋರಿಸುವ ಯೋಬನು ಮೌನವಾಗಿರಲಿಲ್ಲ. ಅಧ್ಯಾಯ ಅಧ್ಯಾಯಗಳಲ್ಲಿ ದೇವರ ಮುಂದೆಯೇ ವ್ಯಾಜ್ಯ ಹೂಡಿದನು, ಮತ್ತು ಕಡೆಯಲ್ಲಿ ದೇವರು ಮೆಚ್ಚಿದ್ದು ಅವನ ಮಾತನ್ನೇ, ಅವನ ಸ್ನೇಹಿತರದನ್ನಲ್ಲ. ಮಹಾಯಾಜಕನ ಮುಂದೆ ಓಲೇಕಾರನು ಕೆನ್ನೆಗೆ ಹೊಡೆದಾಗ ಕರ್ತನು, ತಾನು ತಪ್ಪಾಡಿದ್ದರೆ ತೋರಿಸಬೇಕು, ಇಲ್ಲವಾದರೆ ಹೊಡೆದದ್ದೇಕೆಂದು ಕೇಳಿದನು. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಪೌಲನನ್ನೂ ಸೀಲನನ್ನೂ ಹೊಡಿಸಿ ಸೆರೆಯಲ್ಲಿಟ್ಟ ಅಧಿಕಾರಿಗಳು ಮಾರನೆಯ ದಿನ ಗುಟ್ಟಾಗಿ ಹೊರಗೆ ಕಳುಹಿಸಲು ನೋಡಿದಾಗ, ಪೌಲನು ತಾವು ರೋಮಾಪುರದ ಹಕ್ಕುಳ್ಳವರೆಂದು ತಿಳಿಸಿ, ಅಧಿಕಾರಿಗಳೇ ಬಂದು ಹೊರಗೆ ಕರೆದುಕೊಂಡುಹೋಗಬೇಕೆಂದು ಹಟಹಿಡಿದನು. ರಾತ್ರಿಯಲ್ಲಿ ಸೆರೆಮನೆಯಲ್ಲಿ ಸ್ತೋತ್ರ ಹಾಡಿದವನೂ ಬೆಳಿಗ್ಗೆ ಕಾನೂನನ್ನು ಎತ್ತಿ ಆಡಿದವನೂ ಒಬ್ಬನೇ.

ನಮ್ಮ ದೇಶದಲ್ಲಿ ೧೯೬೧ರಲ್ಲಿಯೇ ವರದಕ್ಷಿಣೆಯನ್ನು ನಿಷೇಧಿಸುವ ಕಾನೂನು ಬಂದಿತು. ಮನೆಯೊಳಗಿನ ಹಿಂಸೆಯಿಂದ ಸ್ತ್ರೀಯರನ್ನು ರಕ್ಷಿಸುವ ಕಾನೂನು ೨೦೦೫ರಲ್ಲಿ ಆಯಿತು. ಪೌಲನು ತನ್ನ ಹಕ್ಕನ್ನು ಉಪಯೋಗಿಸಿದಂತೆ ಅವುಗಳನ್ನು ಉಪಯೋಗಿಸುವದು ಅಪನಂಬಿಕೆಯಲ್ಲ. ಹೊಡೆತದ ಮನೆಯಿಂದ ಮಗಳು ಹಿಂತಿರುಗಿ ಬಂದರೆ, ನೆರೆಯವರು ಏನೆನ್ನುವರೋ ಎಂಬ ಭಯವೇ ತಂದೆತಾಯಿಗಳಿಗೆ ಬರುವ ಶೋಧನೆಯು. ಅವಳನ್ನು ಒಳಗೆ ಕರೆದು ಎಲೆ ಹಾಕಿ ಊಟಕ್ಕೆ ಬಡಿಸುವದೇ ಅದರಲ್ಲಿ ಜಯವು. ರೋಗ, ಅಗಲಿಕೆ, ಬಡತನ, ನಂಬಿಕೆಗಾಗಿ ಬಂದ ನಿಂದೆ ಇವುಗಳನ್ನು ತಾಳೋಣ. ಒಬ್ಬರು ಇನ್ನೊಬ್ಬರ ಮೇಲೆ ಮಾಡುವ ಕ್ರೌರ್ಯವನ್ನು ದೇವರ ಚಿತ್ತವೆಂದು ಕರೆಯದಿರೋಣ.

೯. ಕಡೆಯ ಮಾತು

ಶೋಧನೆಯಲ್ಲಿರುವವರಿಗೆ ಯಾಕೋಬನು ಕೊಡುವ ಒಂದು ಬುದ್ಧಿವಾದವು ಬಹು ಸರಳವಾದದ್ದು. ಜ್ಞಾನವು ಸಾಲದಿದ್ದರೆ ದೇವರನ್ನು ಕೇಳಬೇಕು. ಕೇಳಿದವರನ್ನು ಆತನು ಹಂಗಿಸದೆ ಉದಾರವಾಗಿ ಕೊಡುವನೆಂದು ಅವನು ಭರವಸೆ ಕೊಡುತ್ತಾನೆ. ಹಂಗಿಸದೆ ಎಂಬುದು ಎಷ್ಟು ಸವಿಯಾದ ಭರವಸೆ! ನಮ್ಮ ತರಗತಿಗಳಲ್ಲಿ ತಿಳಿಯದ್ದನ್ನು ಕೇಳಲು ಹೆದರುತ್ತಿದ್ದ ಹುಡುಗಿಯರು ಎಷ್ಟೋ ಮಂದಿ ಇದ್ದರು. ದೇವರ ಮುಂದೆ ಆ ಹೆದರಿಕೆಯು ಬೇಕಾಗಿಲ್ಲ.

ಆದಕಾರಣ, ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ದಿನಕ್ಕೆ ಕೆಲವು ವಚನಗಳನ್ನಾದರೂ ಅವುಗಳ ಹಿಂದುಮುಂದಿನ ಮಾತುಗಳೊಂದಿಗೆ ನಿಧಾನವಾಗಿ ಓದಿರಿ. ಕಷ್ಟವನ್ನು ಒಬ್ಬರೇ ಹೊರದೆ ನಿಮ್ಮ ಸಂಗಡ ಪ್ರಾರ್ಥಿಸುವ ಒಬ್ಬರನ್ನಾದರೂ ಹುಡುಕಿಕೊಳ್ಳಿರಿ. ನಿಮ್ಮೊಡನೆ ಇದೇ ಬೆಂಚುಗಳಲ್ಲಿ ಕೂತಿದ್ದವರಲ್ಲಿ ಯಾರ ಸುದ್ದಿಯು ಬಹುಕಾಲದಿಂದ ಬಂದಿಲ್ಲವೋ ಅವಳನ್ನು ಈ ವಾರದಲ್ಲಿಯೇ ವಿಚಾರಿಸಿರಿ. ನೀವು ಕಳುಹಿಸುವ ನಾಲ್ಕು ಮಾತೇ ಅವಳಿಗೆ ದೇವರು ಸಿದ್ಧಮಾಡಿದ ದಾರಿಯಾಗಿರಬಹುದು. ತಂದೆತಾಯಿಗಳೇ, ನಿಮ್ಮ ಮಕ್ಕಳಿಗೆ ಶೋಧನೆಯೇ ಬಾರದಿರಲಿ ಎಂದು ಪ್ರಾರ್ಥಿಸುವದು ಸಹಜವು. ಅದರ ಜೊತೆಗೆ, ಬಂದಾಗ ಅವರು ನಿಲ್ಲಲಿ, ಬಿದ್ದರೆ ನಮ್ಮ ಬಳಿಗೇ ಓಡಿಬರಲಿ ಎಂದೂ ಪ್ರಾರ್ಥಿಸಿರಿ. ಶೋಧನೆಯನ್ನು ತಾಳಿದವರಿಗೆ ಜೀವದ ಕಿರೀಟವುಂಟೆಂದು ವಾಗ್ದಾನಮಾಡಿದ ದೇವರು ನಿಮ್ಮೆಲ್ಲರನ್ನೂ ಕಾಪಾಡಲಿ.